ಈ ಸಲ ಯಮುನಳಿಗೆ ಏನು ಕಟ್ಟಿಕೊಡಲಿ

ಸಿದ್ದಾಪುರದ ಬಳಿಯ ಎಸ್ಟೇಟಿನ ರೈಟರ ಮನೆಯಿಂದ
೨೪ ಡಿಸೆಂಬರ್ ೧೯೫೭, ಮಂಗಳವಾರ ಮಧ್ಯಾಹ್ನ

ಸೋಮವಾರಪೇಟೆಯ ಹೊಲಿಗೆ ಅಂಗಡಿಯ ಕಟ್ಟೆಯ ಮೇಲೆ ನೆರೆದಿರುವ ಮಹಾಜನಗಳೇ, ಕಾಜಾ ಹೊಲಿಯುವ ಕಲಾವಿದರೇ, ಅಳತೆ ಕೊಡಲು ಬಂದು ಕಾಗದ ಕೇಳಲು ಕೂತ ತಾಯಂದಿರೇ, ಸಂತೆಗೆ ತಂದ ಏಲಕ್ಕಿ ಮೂಟೆಯನ್ನೇ ಸಿಂಹಾಸನ ಮಾಡಿಕೊಂಡಿರುವ ಬಾಂಧವರೇ, ಸ್ವಲ್ಪ ಹೊತ್ತು ಮಿಷನ್ನಿನ ಚಕ್ರ ನಿಲ್ಲಲಿ. ನನ್ನ ಗೆಳೆಯ ಕರಿಬಸಪ್ಪ ನನ್ನ ಕಾಗದಗಳನ್ನು ನಿಮ್ಮೆದುರು ಅಭಿನಯ ಸಹಿತ ಓದುತ್ತಾನೆಂದು ನನಗೆ ಗೊತ್ತು. ಆದ್ದರಿಂದ ಮೊದಲ ನಮಸ್ಕಾರ ನಿಮಗೆ. ಎರಡನೆಯದು ಅವನಿಗೆ.

ಹೊಸಬರು ಯಾರಾದರೂ ಇದ್ದರೆ ತಿಳಿಯಲಿ. ಈಗ ನಿಮ್ಮ ಮನೆಯವರ ರವಿಕೆ ಹೊಲಿಯುವ ಈ ಮನುಷ್ಯ ಒಂದು ಕಾಲದಲ್ಲಿ ನಾಟಕ ಕಂಪನಿಯ ಮಹಾರಾಣಿಯಾಗಿದ್ದ. ಈಗ ಎಸ್ಟೇಟಿನ ಲೆಕ್ಕ ಬರೆಯುವ ರೈಟರಾದ ನಾನು ಐದು ವರ್ಷ ರಾಜ, ಅವನು ರಾಣಿ. ಅವನು ಸೆರಗು ಸರಿಮಾಡಿಕೊಂಡರೆ ಮುಂದಿನ ಸಾಲಿನ ಸಾಹುಕಾರರು ಕೂತಲ್ಲೇ ಸರಿದು ಕೂರುತ್ತಿದ್ದರು. ಹಾಗಾಗಿ ನನ್ನ ಮೊದಲ ಹೆಂಡತಿ ಕರಿಬಸಪ್ಪನೇ, ಯಮುನ ಎರಡನೆಯವಳು. ಇದನ್ನು ನಾನು ಯಮುನಳ ಎದುರಿಗೂ ಹೇಳಿದ್ದೇನೆ. ‘ಹಂಗಾರೆ ಅಡುಗೆಗೂ ಅವನನ್ನೇ ಕರ್ಕೊಂಡು ಬನ್ನಿ’ ಅಂದಿದ್ದಳು.

ಪ್ರಿಯ ಕರಿಬಸಣ್ಣ,

ನಾವಿಬ್ಬರೂ ಗಟ್ಟಿಯಾಗಿದ್ದೇವೆ. ಕರಿಕೆಯಲ್ಲಿ ಮಗಳು ಪ್ರೇಮಾವತಿ ಗಂಡುಮಗು ಹೆತ್ತಿದ್ದಾಳೆ. ಮಗು ಅಳುವ ದನಿ ಕೇಳಿ ಬೀಗರು ‘ಇದು ಅಜ್ಜನದೇ’ ಅಂದರಂತೆ. ಇಲ್ಲಿ ಹಣ್ಣು ಕೊಯ್ಲು ಜೋರಾಗಿದೆ, ಕಣದ ತುಂಬ ಕಾಫಿ. ಈ ಗಲಾಟೆಯಲ್ಲಿ ಬರೆಯಲು ತಡವಾಯಿತೆಂದು ಹೇಳಿದರೆ ನೀನು ನಂಬುವುದಿಲ್ಲ. ಪ್ರತಿ ವರ್ಷ ಡಿಸೆಂಬರ್ ಮೊದಲ ವಾರ ತಪ್ಪದೆ ಬರುತ್ತಿದ್ದ ನನ್ನ ಕಾಗದ ಈ ಸಲ ಬರಲಿಲ್ಲ. ನೀನು ದಾರಿ ನೋಡಿರುತ್ತೀ, ಒಂದು ಸೀರೆಯನ್ನೂ ಎತ್ತಿಟ್ಟಿರುತ್ತೀ. ಆ ಸೀರೆಯನ್ನು ಬೇರೆಯವರಿಗೆ ಕೊಟ್ಟುಬಿಡು. ಯಾಕೆಂದು ಹೇಳುವುದಕ್ಕೇ ಈ ಕಾಗದ. ತಡವಾದದ್ದಕ್ಕೆ ಕ್ಷಮೆಯಿರಲಿ.

ಮಹಾಜನರಿಗೆ ನಮ್ಮ ಎಸ್ಟೇಟಿನ ಕ್ರಿಸ್‌ಮಸ್ ಕಟ್ಟಳೆಯನ್ನು ಮೊದಲು ಹೇಳಬೇಕು. ಹತ್ತೊಂಬತ್ತು ವರ್ಷದ ಹಿಂದೆ ಆಗಿನ ದೊರೆಸಾನಿಗೆ ಒಂದು ಯೋಚನೆ ಬಂತು. ಎಸ್ಟೇಟಿನ ಪ್ರತಿ ಗಂಡ ಹೆಂಡತಿಗೆ, ಹೆಂಡತಿ ಗಂಡನಿಗೆ ಒಂದೊಂದು ಉಡುಗೊರೆಯನ್ನು ಪೊಟ್ಟಣ ಕಟ್ಟಿ, ಹೆಸರಿನ ಚೀಟಿ ಅಂಟಿಸಿ, ಬಂಗಲೆಯಲ್ಲಿ ನೆಟ್ಟ ಸಿಲ್ವರ್ ಓಕ್ ಕೊಂಬೆಯ ಬುಡದಲ್ಲಿ ಇಡಬೇಕು. ಕ್ರಿಸ್‌ಮಸ್ ದಿನ ಹತ್ತು ಗಂಟೆಗೆ ದೊರೆಸಾನಿ ಹೆಸರು ಕೂಗುತ್ತಾರೆ, ಎಲ್ಲರೆದುರು ಬಿಚ್ಚಬೇಕು. ನಾವೋ ಗೌಡರ ಮಕ್ಕಳು. ಮದುವೆಯಲ್ಲಿ ಕೊಟ್ಟದ್ದೇ ಕೊಟ್ಟದ್ದು, ಆಮೇಲೆ ಮನೆಗೆ ತಂದದ್ದೆಲ್ಲ ಮನೆಗೇ ತಂದದ್ದು. ಹೆಂಡತಿಗೆಂದು ಪ್ರತ್ಯೇಕವಾಗಿ ಕಟ್ಟಿಕೊಡುವುದೆಂದರೆ ಏನು? ಆದರೆ ದೊರೆಸಾನಿಯ ಮಾತು.

ಮೊದಲ ವರ್ಷದ ಪ್ರಹಸನವನ್ನು ನೀನು ನೋಡಬೇಕಿತ್ತು. ನಮ್ಮ ಹೆಂಗಸರು ಗಂಡನ ಹೆಸರನ್ನು ಬಾಯಲ್ಲಿ ಹೇಳುವವರಲ್ಲ, ಚೀಟಿಯಲ್ಲಿ ಬರೆಯುತ್ತಾರೆಯೇ? ಎಲ್ಲ ಚೀಟಿಗಳಲ್ಲೂ ಒಂದೇ ಬರಹ: ‘ನಮ್ಮವರಿಗೆ.’ ದೊರೆಸಾನಿ ಕನ್ನಡಕ ಏರಿಸಿ ‘ನಮ್ಮವರು ಬನ್ನಿ’ ಅಂತ ಕರೆದರು. ಹನ್ನೊಂದು ಗಂಡಸರು ಒಟ್ಟಿಗೆ ಎದ್ದು ನಿಂತೆವು. ಕೈಗೆ ಸಿಕ್ಕಿದ್ದನ್ನು ಹಂಚಿದರು. ನನ್ನ ಪಾಲಿಗೆ ಕಿವಿ ಮುಚ್ಚುವ ಉಣ್ಣೆ ಟೋಪಿ ಬಂತು, ಅದು ಗಂಗಮ್ಮ ತನ್ನ ಗಂಡ ಸ್ಟೋರ್ ಕೀಪರ್ ಪೂವಯ್ಯನಿಗೆ ಕಟ್ಟಿದ್ದು. ಯಮುನ ನನಗೆಂದು ಕಟ್ಟಿದ, ಚಿತ್ತಾರದ ಚೌಕಟ್ಟಿನ ಕನ್ನಡಿ ಪೂವಯ್ಯನ ಪಾಲಾಯಿತು. ಮೂರು ದಿನ ಮುಖ ನೋಡಿಕೊಂಡು ಸಾಕಾದ ಮೇಲೆ ತಂದುಕೊಟ್ಟ. ಅಂದಿನಿಂದ ಹೆಂಗಸರು ಪೊಟ್ಟಣಕ್ಕೆ ತಮ್ಮ ತಮ್ಮ ಗುರುತಿನ ದಾರ ಕಟ್ಟುತ್ತಾರೆ.

ಇಂಗ್ಲಿಷ್ ದೊರೆ ಎಸ್ಟೇಟು ಮಾರಿ ತಮ್ಮ ಸೀಮೆಗೆ ಹೋದರು. ಕಟ್ಟಳೆ ಹೋಗಲಿಲ್ಲ. ಮಡಿಕೇರಿಯ ಕಡೆಯ ಹೊಸ ಯಜಮಾನರು ನಿಲ್ಲಿಸೋಣ ಅಂದಾಗ ಮೊದಲು ಬೇಡ ಅಂದವಳು ಕೂಲಿಗಳ ಲೈನಿನ ಲಿಂಗಿ. ‘ವರ್ಸಕ್ಕೊಂದು ಸಲ ನನ್ ಗಂಡ ನನ್ ಮಕ ನೋಡಿ ಯೋಚ್ನೆ ಮಾಡದು ಅವತ್ತೇ ಬುದ್ದಿ, ಅದ್ನೂ ಕಿತ್ಕಬ್ಯಾಡಿ’ ಅಂದಳು.

ಇಷ್ಟು ವರ್ಷದಲ್ಲಿ ಒಬ್ಬೊಬ್ಬರು ಒಂದೊಂದು ಉಪಾಯ ಕಂಡುಕೊಂಡಿದ್ದಾರೆ. ಪೂವಯ್ಯ ಗಂಗಮ್ಮನಿಗೆ ಪ್ರತಿ ವರ್ಷ ಹಿತ್ತಾಳೆಯ ಕಾಫಿ ಫಿಲ್ಟರ್ ಕೊಡುತ್ತಾನೆ. ಒಂದು ವರ್ಷ ಅವಳಿಗೆ ಖುಷಿಯಾಗಿತ್ತಂತೆ, ಅದನ್ನೇ ಹಿಡಿದುಕೊಂಡಿದ್ದಾನೆ. ಅವರ ಅಟ್ಟದ ಮೇಲೆ ಫಿಲ್ಟರುಗಳು ಸೈನ್ಯದಂತೆ ಸಾಲಾಗಿ ನಿಂತಿವೆ. ಲಿಂಗಿಯ ಗಂಡ ಜವರನದು ಇನ್ನೊಂದು ದಾರಿ. ಹೋದ ವರ್ಷ ಅವನು ಲಿಂಗಿಗೆ ಕಟ್ಟಿದ ಪೊಟ್ಟಣ ಬಿಚ್ಚಿದರೆ ಒಳಗೆ ಏನೂ ಇಲ್ಲ.

‘ಎಲ್ಲಲಾ ಮಾಲು?’ ಅಂದಳು ಲಿಂಗಿ.

‘ಇವತ್ತೊಂದಿನ ನಿನ್ನ ಬಯ್ಯಾಕಿಲ್ಲ. ಅದೇ ಒಳಗಿರದು,’ ಅಂದ ಜವರ.

‘ಕಟ್ಟಿ ತಂದಿದ್ದು ಒಳ್ಳೇದಾಯ್ತು. ಬಿಟ್ಟಿದ್ರೆ ದಾರೀಲೇ ಉದುರೋಗ್ತಿತ್ತು,’ ಅಂದಳು. ಯಜಮಾನರು ನಕ್ಕು ನಕ್ಕು ಕಾಫಿಯನ್ನು ಪಂಚೆಯ ಮೇಲೆ ಚೆಲ್ಲಿಕೊಂಡರು.

ನನ್ನ ಉಪಾಯ ನೀನು. ಮೊದಲ ಐದು ವರ್ಷ ನಾನು ಯಮುನಳಿಗೆ ಕೊಟ್ಟ ವಸ್ತುಗಳನ್ನು ನೆನೆದರೆ ಈಗಲೂ ಬೆವರು ಬರುತ್ತದೆ. ಒಮ್ಮೆ ಇಲಿಬೋನು ಕೊಟ್ಟಿದ್ದೆ. ಸಭೆಯಲ್ಲಿ ಬಿಚ್ಚುವಾಗ ಅದು ಅವಳ ಬೆರಳನ್ನೇ ಹಿಡಿಯಿತು. ಆಮೇಲೆ ನೀನು ಸೋಮವಾರಪೇಟೆಯಲ್ಲಿ ಅಂಗಡಿ ಇಟ್ಟೆ, ನಾನು ಬದುಕಿದೆ. ನೀನು ಆರಿಸಿ, ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸಿದ ಹದಿನಾಲ್ಕು ಸೀರೆಗಳನ್ನು ಹದಿನಾಲ್ಕು ವರ್ಷ ನಾನೇ ಆರಿಸಿದವನಂತೆ ಎದೆ ಸೆಟೆಸಿ ಕೊಟ್ಟೆ. ಅಳತೆಯ ರವಿಕೆ ಬೇಕು ಅಂತ ನೀನು ಅಂದೆ, ನಾನು ಅವಳ ಹಳೆಯ ನೀಲಿ ರವಿಕೆ ಕದ್ದು ಕಳಿಸಿದೆ. ಇಡೀ ಎಸ್ಟೇಟಿನ ಹೆಂಗಸರು ತಮ್ಮ ಗಂಡಂದಿರಿಗೆ ‘ರೈಟರನ್ನು ನೋಡಿ ಕಲೀರಿ’ ಅನ್ನುತ್ತಿದ್ದರು. ಪೂವಯ್ಯ ಆ ಕಾರಣಕ್ಕೇ ಎರಡು ವರ್ಷ ನನ್ನೊಡನೆ ಮಾತು ಬಿಟ್ಟಿದ್ದ.

ಈ ಡಿಸೆಂಬರ್ ಎರಡನೇ ತಾರೀಕು ಸಂಜೆ ನಿನಗೆ ಬರೆಯಲು ಕೂತಿದ್ದೆ. ಯಮುನ ಬಂದು ಎದುರಿಗೆ ನಿಂತಳು. ಮಹಾಜನಗಳೇ, ಅವಳದು ನಮ್ಮ ಗೌಡರ ಅರೆಭಾಷೆ: ‘ಉಟ್ಟು’ ಅಂದರೆ ಇದೆ, ‘ಒಳೊ’ ಅಂದರೆ ಇದ್ದಾರೆ, ‘ಬಾತ್’ ಅಂದರೆ ಬಂತು.

‘ಎಂತ, ಕರಿಬಸಪ್ಪಣ್ಣಂಗೆನಾ?’

‘ಸುಮ್ಮನೆ. ಕ್ಷೇಮ ಸಮಾಚಾರ.’

‘ಕ್ಷೇಮ ಸಮಾಚಾರ ಜನವರಿಲಿ ಬರೀರಿ. ಈ ಸಲ ಸೀರೆ ಬೇಡ.’

ಕರಿಬಸಣ್ಣ, ಸಿಡಿಲು ಹೊಡೆದಂತಾಯಿತು. ಆದರೂ ನಟ ನಾನು. ‘ಯಾವ ಸೀರೆ?’ ಅಂತ ಹುಬ್ಬು ಮೇಲೆತ್ತಿದೆ.

‘ಹುಬ್ಬು ಇಳ್ಸಿ. ನನ್ನ ರವಿಕೆ ಅಳತೆ ನಿಮ್ಗೆ ಗೊತ್ತುಟ್ಟಾ? ಆ ನೀಲಿ ರವಿಕೆ ಎಲ್ಲಿಗೆ ಹೋತ್ ಅಂತ ನಾ ಎರಡು ತಿಂಗ ಹುಡ್ಕಿದೆ. ಮರು ವರ್ಷ ಪೊಟ್ಟಣಲಿ ಅಚ್ಚು ಅದೇ ಅಳತೆ ರವಿಕೆ ಬಾತ್. ಅವತ್ತಿಂದನೇ ಗೊತ್ತು.’

‘ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ?’

‘ಎಂತಕೆ ಹೇಳೊಕು? ಒಳ್ಳೊಳ್ಳೆ ಸೀರೆ. ಇಲಿಬೋನಿಂದ ತಪ್ಪಿಸ್ಕಂಡೆ.’ ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು: ‘ಅಂವಂಗೆ ನನ್ನ ಮೈಬಣ್ಣಕ್ಕೆ ಯಾವುದು ಒಪ್ಪಿದೆ ಅಂತ ಗೊತ್ತುಟ್ಟು. ನಿಮ್ಗೆ ನನ್ನ ವಿಷಯ ಎಂತ ಗೊತ್ತುಟ್ಟು ಅಂತ ನಂಗೆ ಗೊತ್ತಿಲ್ಲೆ. ಈ ಸಲ ಎಂತ ಆದ್ರೂ ಸರಿ, ನೀವೇ ಯೋಚ್ನೆ ಮಾಡಿದ್ದ್ ಆಗೊಕು.’

ಅಷ್ಟು ಹೇಳಿ ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದಳು. ನಾನು ಮಾತ್ರ ಬೆಂದೆ.

ಮೂರು ಭಾನುವಾರ ಸಿದ್ದಾಪುರಕ್ಕೆ ಹೋದೆ. ಬಳೆಗಾರನ ಮುಂದೆ ನಿಂತರೆ ‘ಹಸಿರೋ ಕೆಂಪೋ?’ ಅಂತ ಕೇಳಿದ. ಗೊತ್ತಿಲ್ಲ. ಪಾತ್ರೆ ಅಂಗಡಿಯಲ್ಲಿ ‘ಮನೇಲಿ ಯಾವುದು ಇಲ್ಲ?’ ಅಂದರು. ಅದೂ ಗೊತ್ತಿಲ್ಲ. ಪೂವಯ್ಯನ ಹತ್ತಿರ ಕೇಳಿದೆ. ಅವನು ಗಂಭೀರನಾಗಿ, ‘ಬೋಜಪ್ಪಣ್ಣ, ಒಂದು ಫಿಲ್ಟರ್ ತಕಣಿ. ಯಾರಿಗೂ ನೋವಾಗಿಕಿಲ್ಲೆ’ ಅಂದ. ಜವರನನ್ನು ಕೇಳಿದರೆ, ‘ಒಂದಿನ ಬಾಯಿ ಮುಚ್ಕಂಡಿರ್ತೀನಿ ಅಂತ ಕಟ್ಕೊಡಿ ರೈಟರೇ. ಅಮ್ಮೋರು ಕಣ್ಣಾಗೆ ನೀರು ಹಾಕ್ಕತಾರೆ’ ಅಂದ.

ಬಸ್ಸಿನಲ್ಲಿ ಬರಿಗೈಯಲ್ಲಿ ಬರುವಾಗ ಒಂದು ಸಂಗತಿ ತಿಳಿಯಿತು. ಇಪ್ಪತ್ತೆರಡು ವರ್ಷ ಅವಳೆದುರು ಮಾತಾಡಿದ್ದೇನೆ. ಅವಳೇನು ಮಾತಾಡಿದಳೆಂದು ನೆನಪು ಮಾಡಿಕೊಳ್ಳಲು ಹೋದರೆ ನನ್ನ ದನಿಯೇ ಕೇಳಿಸುತ್ತದೆ.

ನಿನ್ನೆ ಅವಳು ಗಂಗಮ್ಮನ ಮನೆಗೆ ಹೋಗಿದ್ದಾಗ, ಏನು ಇಲ್ಲವೆಂದು ತಿಳಿದರೆ ಏನು ಬೇಕೆಂದು ತಿಳಿಯಬಹುದು ಎಂದುಕೊಂಡು ಅವಳ ಪೆಟ್ಟಿಗೆ ತೆಗೆದೆ. ನಿನ್ನ ಹದಿನಾಲ್ಕು ಸೀರೆಗಳಿದ್ದವು, ಮಡಿಕೆ ಮುರಿಯದೆ. ಅವುಗಳ ಅಡಿಯಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಒಂದು ಕಾಗದ. ಬಿಡಿಸಿದರೆ ನಮ್ಮ ಕಂಪನಿಯ ಹ್ಯಾಂಡ್‌ಬಿಲ್ಲು. ಶನಿವಾರಸಂತೆ ಕ್ಯಾಂಪಿನದು. ‘ರಾಜಪಾತ್ರದಲ್ಲಿ ಗಂಡುಗಲಿ ಬೋಜಪ್ಪ’ ಅಂತ ಅಂಗೈಯಗಲ ಅಕ್ಷರ. ನನ್ನ ಹತ್ತಿರವೂ ಅದು ಇಲ್ಲ.

ಬಾಗಿಲಲ್ಲಿ ಯಮುನ ನಿಂತಿದ್ದಳು. ಬಯ್ಯಲಿಲ್ಲ. ಬಂದು ಪಕ್ಕದಲ್ಲೇ ನೆಲದ ಮೇಲೆ ಕೂತಳು.

‘ಅಣ್ಣ ತಂದಿತ್ತ್, ಮದುವೆಗೆ ಮೊದ್ಲು. ಇಲ್ಲಿ ನಿಮ್ಮ ಹೆಸ್ರು ನೋಡ್ದು, ಮುಂದಿನ ಸಲ ನಾಟಕ ಬಂದಾಗ ಕರ್ಕಂಡ್ ಹೋಗೊಕು ಅಂತ ಅಪ್ಪನ ಹತ್ರ ಹಟ ಮಾಡಿದ್ದೆ. ಮುಂದಿನ ಸಲ ಕಂಪನಿ ಬಾತ್. ನೀವು ಅದರಲಿ ಇಲ್ಲೆ. ನನ್ನ ಮನೆಲೇ ಇದ್ದರಿ.’

‘ಅದು ಹಳೆಯ ಕಥೆ.’

‘ನಂಗೆ ಹಳ್ತಲ್ಲ. ನಿಮ್ಮನ್ನ ರಾಜನಾಗಿ ನೋಡಿದವು ಊರೆಲ್ಲ ಒಳೊ. ನೋಡದವಳು ನಾ ಒಬ್ಬಳೇ. ನೋಡದವಳಿಗೋಸ್ಕರನೇ ನೀವು ನಾಟಕ ಬಿಟ್ಟದ್ದ್.’

ಮಹಾಜನಗಳೇ, ಆ ದೃಶ್ಯ ನಿಮಗೆ ಗೊತ್ತಿಲ್ಲ, ಕೇಳಿ. ಭಾಗಮಂಡಲದ ಹತ್ತಿರ ಯಮುನಳ ತವರಿನ ಜಗಲಿ. ಹೆಣ್ಣು ಕೇಳಲು ಹೋದ ನಾನು. ಎದುರಿಗೆ ಮೀಸೆ ತಿರುವುತ್ತ ನನ್ನ ಮಾವ. ‘ಬಣ್ಣ ಹಚ್ಚುವಂವಂಗೆ ನನ್ನ ಮಗಳ ಕೊಡಿಕಿಲ್ಲೆ’ ಅಂದರು. ಕದದ ಹಿಂದೆ ಬಳೆ ಸದ್ದಾಯಿತು. ನಾನು ಎದ್ದೆ. ಶಲ್ಯ ಕೊಡವಿದೆ. ‘ಮಾವನವರೇ, ಕೇಳಿರಿ. ಈ ಕ್ಷಣದಿಂದ ರಂಗವನ್ನು ತ್ಯಜಿಸಿದೆ. ಮದುವೆಯ ಅರಿಶಿನವೇ ಈ ಮುಖಕ್ಕೆ ಕೊನೆಯ ಬಣ್ಣ’ ಅಂದೆ. ಹಟ್ಟಿಯಲ್ಲಿ ದನಗಳು ಎದ್ದು ನಿಂತವು. ಮಾವ ಮೀಸೆಯಿಂದ ಕೈ ತೆಗೆದರು. ಹದಿನೈದು ದಿನದಲ್ಲಿ ಮದುವೆ.

ಆ ಮಾತನ್ನು ಯಮುನ ಕದದ ಹಿಂದೆ ನಿಂತು ಕೇಳಿದ್ದಳು. ನಿನ್ನೆ ಅದನ್ನು ಒಂದಕ್ಷರ ತಪ್ಪದೆ ಹೇಳಿದಳು, ನನಗಿಂತ ಚೆನ್ನಾಗಿ.

‘ವರ್ಷ ವರ್ಷ ನಾ ನಿಮ್ಗೆ ಎಂತ ಕೊಟ್ಟೆ ಅಂತ ಗ್ಯಾನ ಉಟ್ಟಾ?’ ಅಂತ ಕೇಳಿದಳು.

ಇತ್ತು. ಕನ್ನಡಿ, ಜರಿಯಂಚಿನ ಶಲ್ಯ, ಬೆಳ್ಳಿ ಹಿಡಿಯ ಬೆತ್ತ, ಮಖಮಲ್ಲಿನ ದಿಂಬು, ಮೂತಿ ಮೇಲಕ್ಕೆತ್ತಿದ ಜೋಡು, ಅತ್ತರಿನ ಸೀಸೆ. ಕಾಫಿಯ ಕೆಸರಿನಲ್ಲಿ ಓಡಾಡುವ ರೈಟರನಿಗೆ ಇವೆಲ್ಲ ಯಾಕೆ? ನನ್ನ ಜಂಬಕ್ಕೆ ಅವಳು ಮಾಡುವ ತಮಾಷೆ ಎಂದುಕೊಂಡು, ಜರಿ ಶಲ್ಯ ಹೊದ್ದು ಕಾಫಿ ಹಣ್ಣು ಸುಲಿಯುವ ಪಲ್ಪರಿನ ಮುಂದೆ ನಿಂತು ಎಲ್ಲರನ್ನೂ ನಗಿಸುತ್ತಿದ್ದೆ.

‘ನನ್ನಿಂದ ಕಿರೀಟ ಇಳ್ಸಿದರಿ. ಕಿರೀಟ ನಂಗೆ ಕೊಡಿಕೆ ಆಕಿಲ್ಲೆ. ವರ್ಷಕ್ಕೊಂದು ತುಂಡಾದ್ರೂ ರಾಜನ ನಿಮ್ಗೆ ವಾಪಸ್ ಕೊಡೊಣೊ ಅಂತ ಮಾಡಿದ್ದ್. ಎರಡು ವರ್ಷದ ಹಿಂದೆ ಸೋಮವಾರಪೇಟೆ ಮದುವೆಗೆ ಹೋದಾಗ ಅಂಗಡಿಗೆ ಹೋಗಿ ಕೇಳಿದೆ, ನಮ್ಮವು ಹೆಂಗೆ ಪಾರ್ಟು ಮಾಡ್ತಿದ್ದವು ಅಂತ. ಕರಿಬಸಪ್ಪಣ್ಣ ಹೇಳ್ದ, ಸಿಂಹದಂಗೆ ಅಮ್ಮ, ಅಂವ ಬಿಟ್ಟ ಮೇಲೆ ಕಂಪನಿ ಎರಡು ವರ್ಷ ಬದುಕಲಿಲ್ಲ ಅಂತ.’ ಹ್ಯಾಂಡ್‌ಬಿಲ್ಲನ್ನು ಮತ್ತೆ ಬಿಳಿ ಬಟ್ಟೆಯಲ್ಲಿ ಸುತ್ತುತ್ತ ಅಂದಳು: ‘ಅವತ್ತಿಂದ ಇನ್ನೂ ಭಾರ ಆತ್.’

ನಾನು ಏನು ಮಾಡಿದೆ ಅಂತ ಕೇಳುತ್ತೀಯಾ? ಸೀರೆಗಳನ್ನು ಜೋಡಿಸಿ ಪೆಟ್ಟಿಗೆ ಮುಚ್ಚಿದೆ. ಅವಳು ಎದ್ದು ಹೋಗಿ ಕಾಫಿ ತಂದಳು. ‘ಕುಡೀರಿ. ಈಗ ನಾಳಿದ್ದಿನ ಪೊಟ್ಟಣಕ್ಕೆ ಎಂತಾರೂ ಹುಡ್ಕಿ. ಇಲಿಬೋನು ಬೇಡ’ ಅಂದಳು. ನಗುತ್ತಲೇ ಅಂದಳು.

ಈಗ ಮಂಗಳವಾರ ಮಧ್ಯಾಹ್ನ. ಬಂಗಲೆಯಲ್ಲಿ ಸಿಲ್ವರ್ ಓಕ್ ಕೊಂಬೆ ನೆಟ್ಟಾಗಿದೆ. ಎಲ್ಲರ ಪೊಟ್ಟಣಗಳೂ ಹೋಗಿವೆ. ಪೂವಯ್ಯನದು ದೂರದಿಂದಲೇ ಫಿಲ್ಟರ್ ಎಂದು ಗೊತ್ತಾಗುತ್ತದೆ. ಯಮುನಳ ಕೆಂಪು ದಾರದ ಪೊಟ್ಟಣವೂ ಹೋಗಿದೆ. ನನ್ನದು ಮಾತ್ರ ಇಲ್ಲ. ನನ್ನ ಮೇಜಿನ ಮೇಲೆ ಬಣ್ಣದ ಕಾಗದವೂ ದಾರವೂ ಇವೆ, ನಡುವೆ ಇಡಲು ವಸ್ತುವಿಲ್ಲ.

ನಿನ್ನ ಅಂಗಡಿ ಹೆಚ್ಚಲಿ. ನಿನ್ನ ಮನೆಯವರಿಗೆ, ಮಕ್ಕಳಿಗೆ ನಮ್ಮಿಬ್ಬರ ಆಶೀರ್ವಾದ. ನೆರೆದ ತಾಯಂದಿರ ಕುಂಕುಮ ಗಟ್ಟಿಯಾಗಿರಲಿ. ಅವರ ಗಂಡಂದಿರು ಇಂದು ಮನೆಗೆ ಹೋಗಿ ಹಸಿರೋ ಕೆಂಪೋ ಎಂದು ಕೇಳಿ ತಿಳಿದುಕೊಳ್ಳಲಿ. ಮಿಷನ್ನು ಮತ್ತೆ ಓಡಲಿ.

ಇತಿ ನಿನ್ನ ಹಳೆಯ ಗಂಡ,
ಬೋಜಪ್ಪ

ತಾ.ಕ.: ಕರಿಬಸಣ್ಣ, ಇಲ್ಲಿಂದ ಮುಂದೆ ಗಟ್ಟಿಯಾಗಿ ಓದಬೇಡ. ಈ ಹಾಳೆಯನ್ನು ಮಡಚಿ ಒಳಗೆ ತೆಗೆದುಕೊಂಡು ಹೋಗು.

ಅರಕಲಗೂಡಿನ ಕ್ಯಾಂಪು ನಿನಗೆ ನೆನಪಿರುತ್ತದೆ. ಮೂರನೆಯ ಅಂಕ, ಒಡ್ಡೋಲಗ. ಪರದೆ ಎದ್ದಿತು, ನನಗೆ ಮಾತು ಬರಲಿಲ್ಲ. ಒಂದಕ್ಷರವೂ ಬರಲಿಲ್ಲ. ನೀನು ಸೆರಗು ಬಾಯಿಗೆ ಅಡ್ಡ ಹಿಡಿದು ನಾಲ್ಕು ಸಲ ನನ್ನ ಮಾತನ್ನು ನನಗೆ ಹೇಳಿಕೊಟ್ಟೆ. ನನಗೆ ನಿನ್ನ ತುಟಿ ಕಾಣಿಸುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಜನ ಶಿಳ್ಳೆ ಹೊಡೆದರು. ಮರುದಿನವೂ ಹಾಗೇ ಆಯಿತು, ಅದರ ಮರುದಿನವೂ. ನಾಲ್ಕನೆಯ ದಿನ ಕಂಪನಿಯ ಯಜಮಾನರು ನನ್ನ ಟ್ರಂಕನ್ನು ಬಿಡಾರದ ಹೊರಗೆ ಇಡಿಸಿದರು. ಬಸ್ಸಿನವರೆಗೆ ಬಂದವನು ನೀನೊಬ್ಬನೇ. ಅದಾಗಿ ಒಂದು ತಿಂಗಳಿಗೆ ನಾನು ಮಾವನ ಜಗಲಿಯಲ್ಲಿ ರಂಗವನ್ನು ತ್ಯಜಿಸಿದ್ದು. ಬಿಡುವುದಕ್ಕೆ ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಸುಳ್ಳು ಹೇಳಬೇಕೆಂದು ಹೋಗಿರಲಿಲ್ಲ. ಸಭೆ ಕಂಡಿತು, ಮಾತು ಬಂತು. ಅರಕಲಗೂಡಿನಲ್ಲಿ ಬಾರದ ಮಾತು ಅಲ್ಲಿ ಬಂತು, ನನಗೇ ಸಂತೋಷವಾಯಿತು. ಆಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಯಾವ ದಿನವೂ ಒಳ್ಳೆಯ ದಿನ ಅನ್ನಿಸಲಿಲ್ಲ. ಅವಳು ಅದನ್ನು ಹೊತ್ತುಕೊಂಡಿದ್ದಾಳೆಂದು ನಾನು ನೋಡಲಿಲ್ಲ. ನೀನು ಅಂಗಡಿಯಲ್ಲಿ ಅವಳಿಗೆ ಹೇಳಿದ್ದು ನನ್ನ ಮಾನ ಉಳಿಸಲು. ನಿನ್ನ ಮೇಲೆ ನನಗೆ ಸಿಟ್ಟಿಲ್ಲ.

ಒಂದೇ ಹೆದರಿಕೆ. ಅವಳು ಮದುವೆಯಾದದ್ದು ನನ್ನನ್ನಲ್ಲ, ಆ ಮಾತು ಹೇಳಿದವನನ್ನು. ಅವನು ಇರಲೇ ಇಲ್ಲ ಅಂದರೆ, ಇಪ್ಪತ್ತೆರಡು ವರ್ಷ ತಾನು ಯಾರಿಗೆ ಅಡುಗೆ ಮಾಡಿದೆ ಅಂತ ಅವಳು ಕೇಳಬಹುದು. ಕೇಳಲಿ. ಕೇಳುವ ಹಕ್ಕು ಅವಳದು. ತನ್ನಿಂದಾಗಿ ನನ್ನ ಕಿರೀಟ ಹೋಯಿತು ಅಂತ ಅವಳು ಇನ್ನೊಂದು ಕ್ರಿಸ್‌ಮಸ್‌ಗೆ ಒಂದು ತುಂಡು ರಾಜನನ್ನು ಹುಡುಕಿ ತರುವುದು ಮಾತ್ರ ಬೇಡ. ಅವಳಿಗೆ ಕೊಡಲು ಬೇರೆ ಯಾರಿಂದಲೂ ತರಿಸಲಾಗದ ವಸ್ತು ನನ್ನ ಹತ್ತಿರ ಈ ನಿಜವೊಂದೇ ಇದೆ, ಇದಕ್ಕೆ ಬಣ್ಣದ ಕಾಗದ ಸುತ್ತಲು ಬರುವುದಿಲ್ಲ.

ನಾಳೆ ಬೆಳಿಗ್ಗೆ, ಬಂಗಲೆಗೆ ಹೊರಡುವುದಕ್ಕೆ ಮೊದಲು, ಅವಳು ಒಲೆ ಹಚ್ಚಿ ಅಕ್ಕಿರೊಟ್ಟಿ ತಟ್ಟುತ್ತಿರುವಾಗ, ನಾನು ಮಣೆ ಎಳೆದುಕೊಂಡು ಅವಳ ಪಕ್ಕದಲ್ಲಿ ಕೂತು, ಪಕ್ಕದ ಮನೆಯ ಗಂಗಮ್ಮನಿಗೂ ಕೇಳಿಸದಷ್ಟು ಸಣ್ಣ ದನಿಯಲ್ಲಿ, ‘ಯಮುನ, ನಿನಗೋಸ್ಕರ ನಾನು ಏನನ್ನೂ ಬಿಡಲಿಲ್ಲ. ಕಂಪನಿಯವರೇ ನನ್ನನ್ನು ಕಳಿಸಿದ್ದು’ ಅಂತ ಹೇಳುತ್ತೇನೆ.